ಪಿಕೆ-4 ವಿಮರ್ಶೆ: ಸರ ಕಟ್ಟುವುದರಲ್ಲಿ ಗಟ್ಟಿ, ಹರಳಿನಲ್ಲಿ ಅಷ್ಟಕ್ಕಷ್ಟೆ

ದೂಳು ಪ್ಲಾಸ್ಮಾದಲ್ಲಿ, ಅಂದರೆ ಸಣ್ಣ ಕಣಗಳು ತೇಲುವ ಅಯಾನೀಕೃತ ಅನಿಲದಲ್ಲಿ, ಮೂರೂ ದಿಕ್ಕಿಗೆ ಹಬ್ಬಿದ ದೊಡ್ಡ ಹರಳು ಬೆಳೆಸಬೇಕು ಎಂದಿರುವವರಿಗೆ ಪಿಕೆ-4 (ಪ್ಲಾಸ್ಮಾಕ್ರಿಸ್ಟಾಲ್-4) ಹೇಳಿ ಮಾಡಿಸಿದ ಉಪಕರಣವಲ್ಲ. ಕಣಗಳು ಸಾಲುಗಟ್ಟುವುದು, ಹರಿಯುವುದು, ಅಲೆ ಎಬ್ಬಿಸುವುದು, ದ್ರವದಂತಿರುವ ರಾಶಿಯ ನಡುವೆ ಗಟ್ಟಿ ಸರಗಳು ಮೂಡುವುದು, ಇವುಗಳನ್ನು ಒಂದೊಂದೇ ಕಣದ ಮಟ್ಟದಲ್ಲಿ ನೋಡಬೇಕಾದರೆ ಮಾತ್ರ ಇದಕ್ಕೆ ಸಾಟಿಯಾದದ್ದು ಇನ್ನೊಂದಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಕೊಲಂಬಸ್ ಘಟಕಕ್ಕಾಗಿ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ ಮತ್ತು ರಷ್ಯಾದ ರಾಸ್ಕಾಸ್ಮಾಸ್ ಜಂಟಿಯಾಗಿ ನಡೆಸಿದ ಪ್ರಯೋಗಾಲಯ ಇದು. 2014ರ ಅಕ್ಟೋಬರಿನಲ್ಲಿ ಮೇಲೆ ಹೋಯಿತು, 2015ರಲ್ಲಿ ಕೆಲಸ ಶುರು ಮಾಡಿತು. ಇದರ ಮೇಲೆ ಪ್ರಯೋಗ ಯೋಜಿಸುವವರಿಗೂ, ಇದರ ದತ್ತಾಂಶ ಬಳಸುವವರಿಗೂ ಎರಡು ಕಡೆಯಿಂದಲೂ ಉಪಯೋಗವಾಗಲಿ ಎಂದು ಈ ವಿಮರ್ಶೆ.

ಗುರುತ್ವ ಇಲ್ಲದಿದ್ದರೆ ಏನು ಸಿಗುತ್ತದೆ ಎಂಬುದನ್ನು ಲೆಕ್ಕದಲ್ಲೇ ನೋಡಬಹುದು. ಪಿಕೆ-4ರಲ್ಲಿ ಹೆಚ್ಚಾಗಿ ಬಳಕೆಯಾಗುವ ಕಣಗಳಲ್ಲಿ ಒಂದು 6.86 ಮೈಕ್ರಾನ್ ವ್ಯಾಸದ ಮೆಲಮೈನ್ ಫಾರ್ಮಾಲ್ಡಿಹೈಡ್ ಗೋಲಿ. ಈ ಪ್ಲಾಸ್ಟಿಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.51 ಗ್ರಾಂ. ಅಂದರೆ ಒಂದು ಕಣದ ತೂಕ ಭೂಮಿಯ ಮೇಲೆ ಸುಮಾರು 2.5 ಪಿಕೋನ್ಯೂಟನ್. ಪ್ಲಾಸ್ಮಾದಲ್ಲಿ ಅಯಾನುಗಳಿಗಿಂತ ಇಲೆಕ್ಟ್ರಾನುಗಳ ಓಟ ಹೆಚ್ಚಾದ್ದರಿಂದ ಕಣಕ್ಕೆ ಋಣ ಆವೇಶ ಕೂರುತ್ತದೆ. ಅದು 10,000 ಇಲೆಕ್ಟ್ರಾನುಗಳಷ್ಟು ಎಂದು ಇಟ್ಟುಕೊಂಡರೂ, ಆ ತೂಕವನ್ನು ಹೊರಲು ಸೆಂಟಿಮೀಟರಿಗೆ 15 ವೋಲ್ಟಿಗಿಂತ ಹೆಚ್ಚಿನ ವಿದ್ಯುತ್ ಕ್ಷೇತ್ರ ಬೇಕು. ವಿಸರ್ಜನ ಕೊಳವೆಯ (ಅನಿಲದ ಮೂಲಕ ವಿದ್ಯುತ್ ಹರಿಸಿ ಪ್ಲಾಸ್ಮಾ ಮಾಡುವ ಕೊಳವೆ) ನಡುಭಾಗದಲ್ಲಿ ಇರುವುದು ಸೆಂಟಿಮೀಟರಿಗೆ 2 ವೋಲ್ಟಿನ ಆಸುಪಾಸು ಅಷ್ಟೆ. ಹಾಗಾಗಿ ಭೂಮಿಯ ಮೇಲೆ ದೊಡ್ಡ ಕಣಗಳೆಲ್ಲ ಪ್ಲಾಸ್ಮಾದ ಒಡಲನ್ನು ಬಿಟ್ಟು ಕೆಳಗಿನ ಅಂಚಿಗೆ ಬಂದು, ಅಲ್ಲಿನ ಬಲವಾದ ಕ್ಷೇತ್ರದಲ್ಲಿ ಒಂದೆರಡು ಪದರವಾಗಿ ತೇಲುತ್ತವೆ. 1994ರಲ್ಲಿ ಪ್ರಯೋಗಾಲಯಗಳಲ್ಲಿ ಕಂಡ ಮೊದಲ ಪ್ಲಾಸ್ಮಾ ಹರಳುಗಳು ಅಂಥ ಅಂಚಿನಲ್ಲೇ ಬೆಳೆದವು. ಅಲ್ಲಿ ಅಯಾನುಗಳು ಪ್ಲಾಸ್ಮಾದೊಳಗಿನ ಶಬ್ದವೇಗದಷ್ಟು ಅಥವಾ ಅದಕ್ಕೂ ವೇಗವಾಗಿ ಒಂದೇ ದಿಕ್ಕಿಗೆ ಧಾವಿಸುತ್ತಿರುತ್ತವೆ. ರಚನೆಯಲ್ಲಿ ಯಾವುದು ಕಣಗಳ ಪರಸ್ಪರ ಬಲದ ಫಲ, ಯಾವುದು ಆ ಧಾವಂತದ ಫಲ ಎಂದು ಬಿಡಿಸುವುದು ಕಷ್ಟ. ತೂಕ ತೆಗೆದರೆ ಕಣಗಳು ಕೊಳವೆಯ ಅಕ್ಷದ ಮೇಲೆ, ಪ್ಲಾಸ್ಮಾದ ಒಡಲಲ್ಲೇ ನಿಲ್ಲುತ್ತವೆ.

ಉಪಕರಣದ ಹೃದಯ ಒಂದು ಗಾಜಿನ ಕೊಳವೆ. ಎರಡೂ ತುದಿ ಒಂದೇ ಬದಿಗೆ ಮಡಿಸಿದ ಆಕಾರ, ವ್ಯಾಸ 3 ಸೆಂ.ಮೀ., ನೇರವಾದ ಮುಖ್ಯ ಭಾಗ ಸುಮಾರು 35 ಸೆಂ.ಮೀ., ಅದರಲ್ಲಿ ಕ್ಯಾಮೆರಾ ಓಡಾಡಿ ನೋಡಬಹುದಾದದ್ದು 20 ಸೆಂ.ಮೀ.ನಷ್ಟು. ಅನಿಲ ನಿಯಾನ್ ಅಥವಾ ಆರ್ಗಾನ್. ಒತ್ತಡ ಕೆಲವು ಹತ್ತು ಪಾಸ್ಕಲ್, ಪ್ರವಾಹ ಸಾಮಾನ್ಯವಾಗಿ 1 ಮಿಲಿಆಂಪಿಯರಿನ ಸುತ್ತಮುತ್ತ. ಆರು ಕಣಪೆಟ್ಟಿಗೆಗಳಿವೆ: 1.31, 2.05, 2.55, 3.38, 6.86 ಮತ್ತು 10.41 ಮೈಕ್ರಾನ್. ಹಸಿರು ಲೇಸರನ್ನು ತೆಳು ಹಾಳೆಯಾಗಿ ಹರಡಿ ಕಣಗಳಿಗೆ ಬೆಳಕು ಬೀರುತ್ತಾರೆ. ಅದನ್ನು ನೋಡುವ ಎರಡು ಕ್ಯಾಮೆರಾಗಳಲ್ಲಿ ತಲಾ 1600×1200 ಪಿಕ್ಸೆಲ್, ಒಂದು ಪಿಕ್ಸೆಲ್ಲಿಗೆ 14.2 ಮೈಕ್ರಾನ್. ಪೂರ್ಣ ಚೌಕಟ್ಟಿನಲ್ಲಿ ಸೆಕೆಂಡಿಗೆ 35 ಚಿತ್ರ. ಪ್ಲಾಸ್ಮಾದ ಹೊಳಪನ್ನು ನೋಡಲು ಬೇರೆ ಕ್ಯಾಮೆರಾ, ಕಣಗಳನ್ನು ತಳ್ಳಲು ಅವಕೆಂಪು ಲೇಸರ್, ಅನಿಲವನ್ನು ಬಿಸಿಮಾಡುವ ಉಂಗುರ, ರೇಡಿಯೋ ಆವರ್ತನದ ಸುರುಳಿ ಇವೆಲ್ಲ ಜೊತೆಗಿವೆ.

ಇಷ್ಟರಲ್ಲಿ ನಿಜವಾಗಿ ಮೆಚ್ಚಬೇಕಾದದ್ದು ವಿದ್ಯುತ್ ಸರಬರಾಜನ್ನು. ಅದು ಬರೀ ಏಕಮುಖ ಪ್ರವಾಹ ಕೊಡುವುದಿಲ್ಲ, ಅದರ ದಿಕ್ಕನ್ನು ಸೆಕೆಂಡಿಗೆ ಸಾವಿರಾರು ಸಲ ಅದಲುಬದಲು ಮಾಡಬಲ್ಲದು. ರೂಢಿಯ ಆವರ್ತನ 500 ಹರ್ಟ್ಸ್. ಇದೊಂದು ಸೌಲಭ್ಯದ ಮೇಲೆ ಇಡೀ ಉಪಕರಣ ನಿಂತಿದೆ ಎಂದರೂ ತಪ್ಪಿಲ್ಲ.

ಕಾರಣ ಹೀಗೆ. ದಿಕ್ಕು ಬದಲಿಸದೆ ಬಿಟ್ಟರೆ ಋಣ ಆವೇಶದ ಕಣ ಧನ ತುದಿಯ ಕಡೆಗೆ ಸಾಗುತ್ತದೆ. ಮೇಲಿನದೇ ಅಂಕಿಗಳನ್ನು ಇಟ್ಟು, 40 ಪಾಸ್ಕಲ್ ನಿಯಾನಿನ ತಡೆಯನ್ನೂ ಸೇರಿಸಿ, ಅಯಾನುಗಳ ಎದುರು ತಳ್ಳಾಟವನ್ನು ಬಿಟ್ಟು ಅಂದಾಜು ಮಾಡಿದರೆ ವೇಗ ಸೆಕೆಂಡಿಗೆ ಸುಮಾರು 25 ಮಿ.ಮೀ. ಅಂದರೆ ಎಂಟು ಸೆಕೆಂಡಿನಲ್ಲಿ 20 ಸೆಂ.ಮೀ. ದಾಟಿ ಮಾಯ. ದಿಕ್ಕನ್ನು 500 ಹರ್ಟ್ಸಿನಲ್ಲಿ ಬದಲಿಸಿದರೆ ಪ್ರತಿ ಅರ್ಧ ಆವರ್ತಕ್ಕೆ ಸಿಗುವುದು 1 ಮಿಲಿಸೆಕೆಂಡ್. ಅಷ್ಟರಲ್ಲಿ ಕಣ ಅಲುಗುವುದು ಒಂದು ಮೈಕ್ರಾನಿಗೂ ಕಡಿಮೆ, ಕ್ಯಾಮೆರಾದ ಒಂದು ಪಿಕ್ಸೆಲ್ಲಿನ ಸಣ್ಣ ಚೂರು. ಕಣ ನಿಂತಲ್ಲೇ ನಿಂತಿದೆ ಎನ್ನಬಹುದು. ಅಯಾನುಗಳ ಕಥೆ ಬೇರೆ. ಹಗುರವಾದ ಅವು ಮೈಕ್ರೋಸೆಕೆಂಡುಗಳಲ್ಲಿ ಹೊಸ ದಿಕ್ಕಿಗೆ ಹೊಂದಿಕೊಂಡುಬಿಡುತ್ತವೆ. ಒಂದೇ ಕ್ಷೇತ್ರ, ಒಂದಕ್ಕೆ ಇದ್ದೂ ಇಲ್ಲದಂತೆ, ಇನ್ನೊಂದಕ್ಕೆ ಸದಾ ಇದ್ದಂತೆ.

ಸರ ಕಟ್ಟಿಕೊಳ್ಳುವುದು ಈ ವ್ಯತ್ಯಾಸದಿಂದಲೇ. ಹರಿಯುವ ಅಯಾನುಗಳು ಋಣ ಕಣವನ್ನು ದಾಟುವಾಗ ಅದರ ಕಡೆಗೆ ಬಾಗಿ, ಕಣದ ಹಿಂಬದಿಯಲ್ಲಿ ದಟ್ಟೈಸುತ್ತವೆ. ಅಲ್ಲೊಂದು ಧನ ಆವೇಶದ ಜಾಡು ಉಳಿಯುತ್ತದೆ. ಆ ಬದಿಯಲ್ಲಿರುವ ಕಣವನ್ನು ಅದು ಸೆಳೆಯುತ್ತದೆ. ಹರಿವು ಒಂದೇ ದಿಕ್ಕಿಗಿದ್ದರೆ ಈ ಸೆಳೆತ ಏಕಪಕ್ಷೀಯ: ಹಿಂದಿನ ಕಣಕ್ಕೆ ಮುಂದಿನದರ ಸೆಳೆತ ತಾಗುತ್ತದೆ, ಮುಂದಿನದಕ್ಕೆ ಹಿಂದಿನದರದ್ದು ಹಾಗೆ ತಾಗುವುದಿಲ್ಲ. ಕ್ರಿಯೆ-ಪ್ರತಿಕ್ರಿಯೆ ಸಮವಾಗಿರದ ಇಂಥ ವ್ಯವಸ್ಥೆ ಹರಿವಿನಿಂದ ಶಕ್ತಿ ಹೀರಿಕೊಂಡು ಕಾಯುತ್ತದೆ, ಕೆಲವೊಮ್ಮೆ ಕರಗಿಯೇ ಹೋಗುತ್ತದೆ. ದಿಕ್ಕು ಅದಲುಬದಲಾಗುತ್ತಿದ್ದರೆ ಜಾಡು ಎರಡೂ ಬದಿಗೆ ಸಮನಾಗಿ ಹಂಚಿಹೋಗುತ್ತದೆ. ಸರಾಸರಿಯಲ್ಲಿ ಅಕ್ಷದ ಉದ್ದಕ್ಕೆ ಸೆಳೆತ, ಅಡ್ಡಕ್ಕೆ ವಿಕರ್ಷಣೆ. ಕಣಗಳು ಅಕ್ಷದ ಗುಂಟ ಮಣಿ ಪೋಣಿಸಿದ ಹಾಗೆ ನಿಲ್ಲುತ್ತವೆ. ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿದ್ದು ಪಿಕೆ-4 ಅಲ್ಲ, ಅದರ ಹಿಂದಿನ ಪಿಕೆ-3 ಪ್ಲಸ್. 2008ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಕ್ಷೇತ್ರ ಹೆಚ್ಚಿಸಿದಂತೆ ಸಾಧಾರಣ ದ್ರವದಂತಿದ್ದ ರಾಶಿ ಸರಗಳಾಗಿ ಬದಲಾಯಿತು, ಇಳಿಸಿದರೆ ಮತ್ತೆ ದ್ರವವಾಯಿತು. ಪಿಕೆ-4 ಅದನ್ನು ಉದ್ದನೆಯ, ಏಕರೂಪದ ಕೊಳವೆಗೆ ತಂದು, ಮೂರು ಆಯಾಮದಲ್ಲಿ ಅಳೆಯುವಂತೆ ಮಾಡಿತು. 2020ರಲ್ಲಿ ಬಂದ ವಿಶ್ಲೇಷಣೆಯ ತಿರುಳು: ರಾಶಿಯ ಒಟ್ಟು ಜೋಡಣೆ ದ್ರವದ್ದೇ, ಅದರೊಳಗೆ ಅಕ್ಷಕ್ಕೆ ಸಮಾನಾಂತರವಾಗಿ ಘನದಂಥ ಸರಗಳು. ಸಣ್ಣ ಸರಗಳು ಬಹಳ, ಉದ್ದನೆಯವು ಕಡಿಮೆ. ಸರದ ಗುಣ ಬಲವಾದಷ್ಟೂ ಉದ್ದನೆಯವುಗಳ ಪಾಲು ಏರುತ್ತದೆ.

ಹಾಗಿದ್ದರೆ ಪೂರ್ತಿ ಹರಳಾಗದೇಕೆ? 250 ಮೈಕ್ರಾನ್ ದೂರದಲ್ಲಿರುವ ಎರಡು ಕಣಗಳ ನಡುವೆ, ತಲಾ 10,000 ಇಲೆಕ್ಟ್ರಾನಿನ ಆವೇಶಕ್ಕೆ, ವಿಕರ್ಷಣೆಯ ಶಕ್ತಿ ನೂರಾರು ಇಲೆಕ್ಟ್ರಾನ್‌ವೋಲ್ಟ್. ಸುತ್ತಲಿನ ಪ್ಲಾಸ್ಮಾ ಅದನ್ನು ಎಷ್ಟೋ ಪಟ್ಟು ಮರೆಮಾಡಿದರೂ ಕೋಣೆಯ ಉಷ್ಣತೆಯ 0.025 ಇಲೆಕ್ಟ್ರಾನ್‌ವೋಲ್ಟಿನ ಮುಂದೆ ಅದು ಬಹಳ ದೊಡ್ಡದು. ಶಕ್ತಿ ಮತ್ತು ಉಷ್ಣತೆಯ ಈ ಅನುಪಾತ ಸಾಕಷ್ಟು ಏರಿದರೆ ಹರಳುಗಟ್ಟಬೇಕು ಎಂದು ಭೌತವಿಜ್ಞಾನಿ ಇಕೆಜಿ (Ikezi) 1986ರಲ್ಲೇ ಹೇಳಿದ್ದರು. ಮರೆಯಿಲ್ಲದ ಆವೇಶಗಳಿಗೆ ಆ ಗಡಿ 170ರ ಸುಮಾರು. ತೊಡಕು ಉಷ್ಣತೆಯಲ್ಲಿದೆ. ಅಯಾನು ಹರಿವು, ಆವೇಶದ ಏರಿಳಿತ, ಅಲೆಗಳು, ಇವೆಲ್ಲ ಕಣಗಳ ಚಲನೆಯ ಉಷ್ಣತೆಯನ್ನು ಅನಿಲದ್ದಕ್ಕಿಂತ ಮೇಲೆ ಒಯ್ಯುತ್ತವೆ. ಪಿಕೆ-4ರ ಉದ್ದ ಕೊಳವೆಯಲ್ಲಿ ತುದಿಗಳಿಗೆ ಗೋಡೆಯೂ ಇಲ್ಲ, ರಾಶಿ ಅಕ್ಷದ ಮೇಲೆ ನಿಧಾನವಾಗಿ ಜಾರುತ್ತಲೇ ಇರುತ್ತದೆ. ಹರಳಿಗೆ ಬೇಕಾದ ನಿಶ್ಚಲತೆ ಅದಕ್ಕೆ ಸಿಗುವುದೇ ಇಲ್ಲ.

ಪ್ರಯೋಗದ ಕ್ರಮ ಸರಳ, ಎಡವುವ ಜಾಗಗಳು ಹಲವು. ಕೊಳವೆಯನ್ನು ಖಾಲಿ ಮಾಡಿ, ಹೊಸ ಅನಿಲ ತುಂಬಿ, ಒತ್ತಡ ನಿಂತ ಮೇಲೆ ವಿಸರ್ಜನೆ ಹೊತ್ತಿಸಬೇಕು. ಆಮೇಲೆ ಕಣಪೆಟ್ಟಿಗೆಯನ್ನು ಅಲುಗಿಸಿ ಕಣ ಚೆಲ್ಲುವುದು. ಏಕಮುಖ ಪ್ರವಾಹದಲ್ಲೇ ಅವನ್ನು ಕ್ಯಾಮೆರಾ ಇರುವಲ್ಲಿಗೆ ಕರೆತಂದು, ಸರಿಯಾದ ಕ್ಷಣಕ್ಕೆ 500 ಹರ್ಟ್ಸಿಗೆ ಬದಲಿಸಿ ಹಿಡಿಯಬೇಕು. ಆ ಕ್ಷಣ ತಪ್ಪಿದರೆ ರಾಶಿಯ ತಲೆ ಚೌಕಟ್ಟು ದಾಟಿರುತ್ತದೆ ಅಥವಾ ಬಾಲ ಇನ್ನೂ ಬಂದಿರುವುದಿಲ್ಲ. ಇದನ್ನು ಸರಿಪಡಿಸಲು ಒಂದು ಅನುಕೂಲ ಇದೆ: ಎರಡು ದಿಕ್ಕುಗಳ ಕಾಲದ ಪಾಲನ್ನು ಸಮ ಬಿಡದೆ 60-40 ಮಾಡಿದರೆ ಸರಾಸರಿ ಕ್ಷೇತ್ರ ಐದನೇ ಒಂದಾಗುತ್ತದೆ, ರಾಶಿ ಸೆಕೆಂಡಿಗೆ 5 ಮಿ.ಮೀ.ನಂತೆ ಮೆಲ್ಲಗೆ ಸರಿಯುತ್ತದೆ. ಬೇಕಾದಲ್ಲಿಗೆ ಬಂದ ಮೇಲೆ 50-50. ಅನಿಲ ಹರಿಸಿ ತಳ್ಳುವ ದಾರಿಯೂ ಇದೆ, ಆದರೆ ಹರಿವು ಇರುವಷ್ಟು ಹೊತ್ತೂ ಕಣಗಳ ಮೇಲೆ ಅದರದ್ದೇ ಎಳೆತ ಇರುತ್ತದೆ. ರಚನೆಯ ಅಧ್ಯಯನಕ್ಕೆ ಅದು ಬೇಡ.

ಹಿಡಿದ ಕೂಡಲೇ ಅಳೆಯಲು ಹೊರಡುವುದು ಬೇರೆಯವರ ದತ್ತಾಂಶದಲ್ಲೂ ಕಾಣುವ ಅವಸರ. 40 ಪಾಸ್ಕಲ್ ನಿಯಾನಿನಲ್ಲಿ ಒಂಟಿ ಕಣದ ವೇಗ 20 ಮಿಲಿಸೆಕೆಂಡಿನಲ್ಲಿ ತಗ್ಗುತ್ತದೆ ನಿಜ, ಆದರೆ ಇಡೀ ರಾಶಿ ತನ್ನ ಆಕಾರಕ್ಕೆ ಬರಲು ಅದರ ಎಷ್ಟೋ ಪಟ್ಟು ಹೊತ್ತು ಬೇಕು. ರಾಶಿಯ ಎರಡು ತುದಿಗಳು ನಡುಭಾಗದಂತಿರುವುದಿಲ್ಲ. ತುದಿಯ ಕೆಲವು ಮಿ.ಮೀ. ಬಿಟ್ಟು ನಡುವಿನದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕ್ಷೇಮ.

ಕಣದ ಅಳತೆ ಆರಿಸುವಾಗ 3.38 ಮತ್ತು 6.86ನ್ನು ಬಿಟ್ಟು ಅತ್ತಿತ್ತ ಹೋಗುವವರಿಗೆ ಗಟ್ಟಿ ಕಾರಣ ಇರಬೇಕು. 1.31 ಮೈಕ್ರಾನಿನ ಕಣ ಚದುರಿಸುವ ಬೆಳಕು ತೀರಾ ಕಡಿಮೆ, ದಟ್ಟವಾಗಿ ಕೂತಾಗ ಒಂದೊಂದಾಗಿ ಬಿಡಿಸಿ ನೋಡಲಾಗುವುದಿಲ್ಲ, ಬರೀ ಮೋಡ ಕಾಣುತ್ತದೆ. ಅಲೆಗಳಿಗೆ ಅದು ಸಾಕು, ಸರಗಳಿಗೆ ಸಾಲದು. 10.41ರ ದ್ರವ್ಯರಾಶಿ 6.86ರ ಮೂರೂವರೆ ಪಟ್ಟು. ಅದು ಎಲ್ಲಕ್ಕೂ ನಿಧಾನ, ನಿಲ್ದಾಣದ ಸಣ್ಣ ಅಲುಗಾಟವೂ ಅದಕ್ಕೆ ಹೆಚ್ಚು ತಾಗುತ್ತದೆ. ಎರಡು ಗೋಲಿ ಅಂಟಿಕೊಂಡ ಜೋಡಿಗಳು ಎಲ್ಲ ಅಳತೆಯಲ್ಲೂ ಬರುತ್ತವೆ, ಅವು ರಾಶಿಯೊಳಗೆ ಬೇರೆ ವೇಗದಲ್ಲಿ ಓಡಿ ಸುತ್ತಲಿನ ಸರಗಳನ್ನು ಕೆಡಿಸುತ್ತವೆ. ಹಾಗೆ ಓಡುವುದು ಕಂಡ ಭಾಗವನ್ನು ವಿಶ್ಲೇಷಣೆಯಿಂದ ತೆಗೆದುಬಿಡಿ. ಈ ಪ್ಲಾಸ್ಟಿಕ್ ಪ್ಲಾಸ್ಮಾದಲ್ಲಿ ಬಹಳ ಹೊತ್ತು ಇದ್ದರೆ ನೀರಿನಂಶ ಬಿಡುತ್ತದೆ, ಸವೆಯುತ್ತದೆ ಎಂಬುದನ್ನೂ ಮರೆಯಬಾರದು. ದೀರ್ಘ ಪ್ರಯೋಗದ ಕೊನೆಯ ಕಣ ಮೊದಲಿನಷ್ಟೇ ತೂಕದ್ದು ಎಂದು ಹಿಡಿಯುವಂತಿಲ್ಲ.

ಕ್ಯಾಮೆರಾ ಈ ಉಪಕರಣದ ದುರ್ಬಲ ಕೊಂಡಿ. ಕಣಗಳ ನಡುವಿನ ಅಂತರ 200ರಿಂದ 250 ಮೈಕ್ರಾನ್ ಎಂದರೆ 14ರಿಂದ 18 ಪಿಕ್ಸೆಲ್. ಸ್ಥಾನ ಗುರುತಿಸಲು ಅಷ್ಟು ಸಾಕು. ಚಲನೆ ಹಿಂಬಾಲಿಸಲು ಸಾಲದು. ಒಂದು ಚಿತ್ರದಿಂದ ಇನ್ನೊಂದಕ್ಕೆ ಕಣ ಅಂತರದ ಅರ್ಧಕ್ಕಿಂತ ಹೆಚ್ಚು ಸರಿದರೆ ಯಾವುದು ಯಾವುದೆಂದು ತಿಳಿಯದು. ಸೆಕೆಂಡಿಗೆ 35 ಚಿತ್ರದಲ್ಲಿ ಆ ಮಿತಿ ಸೆಕೆಂಡಿಗೆ ಸುಮಾರು 3.5ರಿಂದ 4.4 ಮಿ.ಮೀ. ವೇಗ. ಮೇಲೆ ಹೇಳಿದ 60-40ರ ಮೆಲ್ಲನೆಯ ಸರಿತವೂ ಇದನ್ನು ಮೀರುತ್ತದೆ. ರಾಶಿ ಒಟ್ಟಾಗಿ ಸಾಗುತ್ತಿದ್ದರೆ ಮೊದಲು ಸರಾಸರಿ ವೇಗವನ್ನು ಕಳೆದು ಆಮೇಲೆ ಕಣ ಹೊಂದಿಸಬೇಕು, ಇಲ್ಲದಿದ್ದರೆ ಚೌಕಟ್ಟು ಕಿರಿದು ಮಾಡಿ ಚಿತ್ರಗಳ ವೇಗ ಹೆಚ್ಚಿಸಬೇಕು. ಅಲೆಗಳಿಗೂ ಇದೇ ತೊಂದರೆ. 35 ಚಿತ್ರದಲ್ಲಿ 17.5 ಹರ್ಟ್ಸಿಗಿಂತ ಹೆಚ್ಚಿನದು ಸುಳ್ಳು ಆವರ್ತನವಾಗಿ ಕಾಣುತ್ತದೆ. ದೂಳಿನ ಅಲೆಗಳು ಆ ಗಡಿಯ ಆಚೆಗೂ ಸುಲಭವಾಗಿ ಹೋಗುತ್ತವೆ.

ಮೂರು ಆಯಾಮದ ಚಿತ್ರ ಬೇಕೆಂದರೆ ಲೇಸರ್ ಹಾಳೆಯನ್ನೂ ಕ್ಯಾಮೆರಾವನ್ನೂ ಒಟ್ಟಿಗೆ ರಾಶಿಯ ಆಳಕ್ಕೆ ಸರಿಸುತ್ತ ಚಿತ್ರ ತೆಗೆಯಬೇಕು. ಸೆಕೆಂಡಿಗೆ 1 ಮಿ.ಮೀ. ಸರಿಸಿದರೆ 5 ಮಿ.ಮೀ. ಆಳಕ್ಕೆ 5 ಸೆಕೆಂಡ್. ಅಷ್ಟರಲ್ಲಿ ರಾಶಿ ಸೆಕೆಂಡಿಗೆ ಅರ್ಧ ಮಿ.ಮೀ.ನಂತೆ ಜಾರುತ್ತಿದ್ದರೂ 2.5 ಮಿ.ಮೀ. ಹೋಗಿರುತ್ತದೆ, ಅಂದರೆ ಹತ್ತು ಕಣಗಳಷ್ಟು ದೂರ. ತಿದ್ದದೆ ಜೋಡಿಸಿದ ರಚನೆ ಒಂದು ಬದಿಗೆ ವಾಲಿರುತ್ತದೆ. ಜಾರುವ ವೇಗವನ್ನು ಹಾಳೆ ನಿಂತಿರುವಾಗ ತೆಗೆದ ಚಿತ್ರಗಳಿಂದ ಮೊದಲೇ ಅಳೆದಿಟ್ಟುಕೊಳ್ಳಿ. ಸ್ಕ್ಯಾನಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಎರಡರಲ್ಲಿ ವ್ಯತ್ಯಾಸ ಇದ್ದರೆ ಆ ಸ್ಕ್ಯಾನ್ ಬಿಟ್ಟುಬಿಡಿ.

ಸರ ಕಂಡಿತು ಎಂದು ಬರೆಯುವ ಮುಂಚೆ ಇನ್ನೂ ಒಂದು ಅನುಮಾನ ನಿವಾರಿಸಬೇಕು. ಉರುಳೆಯಾಕಾರದ ಜಾಗದಲ್ಲಿ ತುಂಬಿದ ಕಣಗಳು, ಜಾಡಿನ ಸೆಳೆತ ಇಲ್ಲದಿದ್ದರೂ, ಅಂಚಿನ ಹತ್ತಿರ ಅಕ್ಷದ ಸುತ್ತ ಪದರಗಳಾಗಿ ಕೂರುತ್ತವೆ. ಅಂಥ ಪದರವನ್ನು ಉದ್ದಕ್ಕೆ ಸೀಳಿದ ಎರಡು ಆಯಾಮದ ಚಿತ್ರದಲ್ಲಿ ಸಾಲುಗಳು ಕಾಣುತ್ತವೆ, ಸರಗಳಲ್ಲ. ನಿಜವಾದ ಸರದಲ್ಲಿ ಅಕ್ಷದ ಉದ್ದಕ್ಕಿರುವ ಕಣಗಳ ಅಂತರ ಹೆಚ್ಚು ಕ್ರಮವಾಗಿರುತ್ತದೆ. ರಾಶಿಯ ಒಳಭಾಗದಲ್ಲೂ ಅದು ಕಾಣಬೇಕು. ಜೋಡಿ ಸಹಸಂಬಂಧವನ್ನು (ಒಂದು ಕಣದಿಂದ ಎಷ್ಟು ದೂರಕ್ಕೆ ಇನ್ನೊಂದು ಸಿಗುತ್ತದೆ ಎಂಬ ಅಳತೆ) ಅಕ್ಷದ ದಿಕ್ಕಿಗೂ ಅಡ್ಡದಿಕ್ಕಿಗೂ ಬೇರೆಬೇರೆ ಲೆಕ್ಕ ಹಾಕಿ ನೋಡದೆ ತೀರ್ಮಾನಕ್ಕೆ ಬರಬೇಡಿ.

ವಿಸರ್ಜನೆ ಏಕರೂಪವಾಗಿದೆ ಎಂಬ ಮಾತನ್ನೂ ಪೂರ್ತಿ ನಂಬುವಂತಿಲ್ಲ. ಕಣ್ಣಿಗೂ ಸಾಮಾನ್ಯ ಕ್ಯಾಮೆರಾಕ್ಕೂ ಹೊಳಪು ಸಮನಾಗಿಯೇ ಕಾಣುತ್ತದೆ. 2020ರ ಆಸುಪಾಸಿನ ಗಣಕ ಅನುಕರಣೆಗಳು ಮತ್ತು ಭೂಮಿಯ ಮೇಲಿನ ಪ್ರತಿಕೃತಿಯ ಅಳತೆಗಳು ತೋರಿಸಿದ್ದು ಬೇರೆ: ಕೊಳವೆಯ ಗುಂಟ ಅಯಾನೀಕರಣದ ಅಲೆಗಳು ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ ಓಡುತ್ತಿರುತ್ತವೆ, ಅವುಗಳ ಮುಂಚೂಣಿಯಲ್ಲಿ ಕ್ಷೇತ್ರ ಸರಾಸರಿಗಿಂತ ಹಲವು ಪಟ್ಟು. ಕಣಗಳಿಗೆ ಸರಾಸರಿಯೇ ಸಾಕು, ಆದರೆ ಅಯಾನುಗಳು ಆ ಅಲೆಗಳನ್ನು ಗಮನಿಸುತ್ತವೆ, ಜಾಡಿನ ಬಲ ಅದರಿಂದ ಬದಲಾಗುತ್ತದೆ. ಸೆಂಟಿಮೀಟರಿಗೆ 2 ವೋಲ್ಟ್ ಎಂಬ ಒಂದೇ ಅಂಕಿಯಿಂದ ಸರದ ಬಲ ಲೆಕ್ಕ ಹಾಕಿದ ಮಾದರಿಗಳು ಪ್ರಯೋಗಕ್ಕೆ ಹೊಂದದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇಲ್ಲಿಯೇ.

ಒತ್ತಡವನ್ನು ಇಳಿಸುತ್ತ ಹೋದರೆ ಅನಿಲದ ತಡೆ ಕಡಿಮೆಯಾಗಿ, ಅಯಾನು ಹರಿವು ದೂಳಿನ ಸಾಂದ್ರತೆಯ ಅಲೆಗಳನ್ನು ತಾನಾಗಿಯೇ ಎಬ್ಬಿಸುತ್ತದೆ. ಅಲೆ ಬಂತೆಂದರೆ ಸರಗಳು ಹೋದಂತೆಯೇ. ಅಲೆಯೇ ಬೇಕಿದ್ದವರಿಗೆ ಈ ಕೊಳವೆಯ ಉದ್ದ ದೊಡ್ಡ ವರ. ಅವಕೆಂಪು ಲೇಸರಿನಿಂದ ರಾಶಿಯ ನಡುವೆ ಹರಿವು ಎಬ್ಬಿಸಿ ಜಿಗುಟುತನ ಅಳೆಯುವ ಪ್ರಯೋಗಗಳೂ ಇದರಲ್ಲಿ ಚೆನ್ನಾಗಿ ನಡೆದಿವೆ.

ಬೇರೆ ದಾರಿಗಳ ಜೊತೆ ಹೋಲಿಸಿದರೆ: ಬ್ರೆಮೆನ್‌ನ ಬೀಳುಗೋಪುರದಲ್ಲಿ (ಉಪಕರಣವನ್ನು ಎತ್ತರದಿಂದ ಬೀಳಿಸುವ ಗೋಪುರ) ತೂಕವಿಲ್ಲದೆ ಸಿಗುವುದು 4.7 ಸೆಕೆಂಡ್, ಕವಣೆ ಬಳಸಿದರೆ 9 ಸೆಕೆಂಡ್ ಚಿಲ್ಲರೆ. ಕಣಗಳನ್ನು ಕ್ಯಾಮೆರಾದ ಮುಂದೆ ತರುವಷ್ಟರಲ್ಲೇ ಅದು ಮುಗಿಯುತ್ತದೆ. ಪ್ಯಾರಾಬೋಲಾ ಹಾರಾಟದ ವಿಮಾನದಲ್ಲಿ 22 ಸೆಕೆಂಡ್, ಆದರೆ ಉಳಿಕೆ ಅಲುಗಾಟ ಗುರುತ್ವದ ನೂರನೇ ಒಂದರಷ್ಟು. 6.86ರ ಕಣಕ್ಕೆ ಅದು ಅಕ್ಷದ ವಿದ್ಯುತ್ ಬಲದ ಹತ್ತನೇ ಒಂದಕ್ಕೆ ಹತ್ತಿರ. ಉಪಕರಣ ಪರೀಕ್ಷಿಸಲು ಒಳ್ಳೆಯದು, ಸಮತೋಲದ ರಚನೆ ಅಳೆಯಲು ಅಲ್ಲ. ಟೆಕ್ಸಸ್ (TEXUS) ಎಂಬ ಸಂಶೋಧನಾ ರಾಕೆಟ್ಟಿನಲ್ಲಿ ಆರು ನಿಮಿಷ, ಶಾಂತವಾದ ಆರು ನಿಮಿಷ. ಆದರೆ ಒಂದು ಸಲ ತಪ್ಪಿದರೆ ಮತ್ತೆ ಇಲ್ಲ. 2001ರಿಂದ 2005ರವರೆಗಿನ ಪಿಕೆಇ-ನೆಫೆಡೋವ್ ಮತ್ತು 2006ರಲ್ಲಿ ಶುರುವಾದ ಪಿಕೆ-3 ಪ್ಲಸ್ ಎರಡೂ ನಿಲ್ದಾಣದಲ್ಲೇ ಇದ್ದವು. ಎರಡು ತಟ್ಟೆಗಳ ನಡುವೆ ರೇಡಿಯೋ ಆವರ್ತನದ ಪ್ಲಾಸ್ಮಾ. ಕಣಗಳಿಗೆ ಎಲ್ಲ ಕಡೆಯಿಂದಲೂ ತಡೆ ಇದ್ದುದರಿಂದ ಹರಳು ಅಲ್ಲಿ ಸುಲಭ. ಒತ್ತಡ ಬದಲಿಸಿ ಹರಳನ್ನು ಕರಗಿಸಿ ಮತ್ತೆ ಗಟ್ಟಿಯಾಗಿಸಿದ್ದೂ ಪಿಕೆ-3 ಪ್ಲಸ್ಸಿನಲ್ಲೇ. ಅದರ ಕಾಟ ನಡುವಿನ ಖಾಲಿ ಜಾಗ: ಕೇಂದ್ರದಿಂದ ಹೊರಗೆ ಹರಿಯುವ ಅಯಾನುಗಳು ಕಣಗಳನ್ನು ತಳ್ಳಿ, ಚೆನ್ನಾಗಿ ನೋಡಬಹುದಾದ ಜಾಗವನ್ನೇ ಬರಿದು ಮಾಡುತ್ತವೆ.

ಪಿಕೆ-4ರ ಹಳೆಯ ದತ್ತಾಂಶ ಕೇಳುವವರು ವಿಡಿಯೋ ಮಾತ್ರ ಕೇಳಿ ಸುಮ್ಮನಾಗಬೇಡಿ. ಒತ್ತಡ, ಪ್ರವಾಹ, ದಿಕ್ಕುಗಳ ಕಾಲದ ಪಾಲು, ಹಾಳೆಯ ಸ್ಥಾನ, ಇವುಗಳ ಕಾಲಾನುಕ್ರಮದ ದಾಖಲೆ ಜೊತೆಗಿಲ್ಲದಿದ್ದರೆ ಆ ವಿಡಿಯೋ ಚೆಂದದ ಚಿತ್ರವೇ ಹೊರತು ಅಳತೆಯಲ್ಲ. ಹೊಳಪಿನ ಕ್ಯಾಮೆರಾದ ಚಿತ್ರಗಳನ್ನೂ ತರಿಸಿಕೊಳ್ಳಿ. ಕಣ ಚೆಲ್ಲುವ ಮುಂಚಿನದು, ಚೆಲ್ಲಿದ ಮೇಲಿನದು ಎರಡೂ ಇರಲಿ. ದಟ್ಟ ರಾಶಿ ಇಲೆಕ್ಟ್ರಾನುಗಳನ್ನು ಹೀರಿಕೊಂಡು ಪ್ಲಾಸ್ಮಾವನ್ನೇ ಎಷ್ಟು ಬದಲಿಸಿದೆ ಎಂಬುದು ಆ ಎರಡರ ವ್ಯತ್ಯಾಸದಲ್ಲಿ ಸಿಗುತ್ತದೆ. ಆ ವ್ಯತ್ಯಾಸ ದೊಡ್ಡದಿದ್ದರೆ, ಕಣಗಳಿಲ್ಲದ ಕೊಳವೆಯಲ್ಲಿ ಅಳೆದ ಕ್ಷೇತ್ರ ಮತ್ತು ಸಾಂದ್ರತೆಯ ಅಂಕಿಗಳನ್ನು ಹಾಗೆಯೇ ಎತ್ತಿ ಬಳಸಲು ಆಗುವುದಿಲ್ಲ.